ಎಲ್ಲದಕ್ಕೂ ಸೋಮಾರಿತನ ಅನ್ನಬೇಡಿ

ಕನ್ನಡ ಪತ್ರಿಕೆಗಳ ಕ್ರೀಡಾಪುಟಗಳೆಲ್ಲ ಪಿಟಿಐ ಎಂಬ ಸುದ್ದಿ ಏಜೆನ್ಸಿಯ ನಕಲು, ಕಚೇರಿಯಲ್ಲಿ ಕೂತು ಪುಟ ಕಟ್ಟುವ ಡೆಸ್ಕಿನವರ ಸೋಮಾರಿತನ ಎಂದಿದ್ದೀರಿ. ಪೂರ್ತಿ ಒಪ್ಪಲಾರೆ. 2022ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನಮ್ಮಲ್ಲಿ ಶುರುವಾಗಿದ್ದೇ ರಾತ್ರಿ 8.30ಕ್ಕೆ. 80ನೇ ನಿಮಿಷದವರೆಗೂ ಅರ್ಜೆಂಟೀನಾ 2–0 ಮುಂದೆ. ಹೆಡ್ಡಿಂಗ್ ಕೊಟ್ಟು ಪುಟ ಕಟ್ಟುವ ಹೊತ್ತು ಅದು. ಅಷ್ಟರಲ್ಲಿ ಫ್ರಾನ್ಸ್‌ನ ಎಂಬಾಪೆ ಎರಡು ನಿಮಿಷದೊಳಗೆ ಎರಡು ಗೋಲು! ಆಮೇಲೆ ಹೆಚ್ಚುವರಿ ಅವಧಿ, 3–3, ಪೆನಾಲ್ಟಿ. ಮುಗಿಯುವಾಗ ಹನ್ನೊಂದು ದಾಟಿತ್ತು. ದೂರದ ಜಿಲ್ಲೆಗಳ ಪುಟ ಬೇಗ ಅಚ್ಚಿಗೆ ಹೋಗಬೇಕು. ತುಂಡು ತುಂಡಾಗಿ ಬರುವ ಏಜೆನ್ಸಿ ಸುದ್ದಿಯನ್ನು ಕನ್ನಡಕ್ಕೆ ತರದೆ ಇನ್ನೇನು ಮಾಡ್ತಾರೆ, ಪಾಪ?

ಆದರೆ ಹುಬ್ಬಳ್ಳಿಯಲ್ಲಿ ನಡೆಯುವ ರಣಜಿ ಪಂದ್ಯಕ್ಕೂ ಏಜೆನ್ಸಿ ಸುದ್ದಿ ಹಾಕಿದರೆ ನನಗೂ ಸಿಟ್ಟು ಬರುತ್ತದೆ. ದಿನದಾಟ ಸಂಜೆಗೇ ಮುಗಿಯುತ್ತದಲ್ವಾ? ಅಲ್ಲಿ ಡೆಡ್‌ಲೈನ್ ನೆಪ ನಡೆಯುವುದಿಲ್ಲ. ಒಬ್ಬ ವರದಿಗಾರನನ್ನು ಕಳಿಸುವ ಖರ್ಚಿಗೂ ಲೆಕ್ಕ ಹಾಕುವ ಮಾಲೀಕರನ್ನು ಕೇಳಿ.