ತೆರೆದ ಸಾಕೆಟ್ಟನ್ನು ಮುಚ್ಚುವವರು ಯಾರು?

ನಿನ್ನೆ ಸಂಜೆ ಮೂಡಿಗೆರೆ ಕಡೆಯ ಪರಿಚಯದ ಕಾಫಿ ಬೆಳೆಗಾರರೊಬ್ಬರು ಫೋನ್ ಮಾಡಿ, "ಮಳೆ ಲೆಕ್ಕ ಬರೋದು ಮತ್ತೆ ನಿಂತಿದೆ ಮಾರಾಯ್ರೆ, ಸ್ವಲ್ಪ ನೋಡಿ" ಎಂದರು. ಚಿಕ್ಕಮಗಳೂರಿನ ಮನೆಯಿಂದಲೇ ಮಳೆಮಾಪಕದ ಲೆಕ್ಕ ಬಂದು ಸೇರುವ ಅವರ ಸರ್ವರಿಗೆ ಹೋಗಿ, ಸಾಕೆಟ್ಟುಗಳನ್ನು, ಅಂದರೆ ನೆಟ್‌ವರ್ಕ್ ಸಂಪರ್ಕಕ್ಕೆಂದು ಪ್ರೋಗ್ರಾಂ ತೆರೆಯುವ ಬಾಗಿಲುಗಳನ್ನು, ಪಟ್ಟಿ ಮಾಡುವ 'ಎಸ್‌ಎಸ್' ಆಜ್ಞೆ ಕೊಟ್ಟರೆ, ಪರದೆಯ ತುಂಬ ಕ್ಲೋಸ್-ವೇಟ್ ಎಂಬ ಒಂದೇ ಪದ, ಸಾವಿರದಷ್ಟು ಸಾಲು. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ತೋಟದ ಮಳೆಮಾಪಕ ತನ್ನ ಕಡೆಯಿಂದ ಸಂಪರ್ಕ ಮುಗಿಸಿದೆ, ನಮ್ಮ ಪ್ರೋಗ್ರಾಂ ಮಾತ್ರ ಇನ್ನೂ ಮುಚ್ಚಿಲ್ಲ ಎಂದು ಆ ಪದದ ಅರ್ಥ. ನಾವೇ ಮೊದಲು ಮುಚ್ಚಿದ ಮೇಲೆ ಕೆಲಹೊತ್ತು ಉಳಿಯುವ ಟೈಮ್-ವೇಟ್ ಸ್ಥಿತಿಯಾಗಿದ್ದರೆ ಲಿನಕ್ಸ್‌ನಲ್ಲಿ 60 ಸೆಕೆಂಡಿಗೆ ತಾನೇ ಕರಗುತ್ತದೆ. ಇದಕ್ಕೆ ಗಡುವೇ ಇಲ್ಲ. ಪ್ರತಿ ಸಾಕೆಟ್ಟೂ ಒಂದು ಫೈಲ್ ಡಿಸ್ಕ್ರಿಪ್ಟರನ್ನು (ತೆರೆದದ್ದನ್ನು ಗುರುತಿಸಲು ಆಪರೇಟಿಂಗ್ ಸಿಸ್ಟಮ್ ಕೊಡುವ ಸಂಖ್ಯೆ) ಹಿಡಿದಿರುತ್ತದೆ, ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವುದು 1024. ಅಷ್ಟೂ ತುಂಬಿದರೆ ಹೊಸ ಸಂಪರ್ಕಕ್ಕೆ ಜಾಗವಿಲ್ಲ.

ಕೋಡಿನಲ್ಲಿ ಸಾಕೆಟ್ ಮುಚ್ಚುವ ಕ್ಲೋಸ್ ಆಜ್ಞೆ ಇರಲಿಲ್ಲವೆಂದಲ್ಲ, ಬಂದದ್ದನ್ನು ಓದುವ ಫಂಕ್ಷನ್ನಿನ ಕೊನೆಯ ಸಾಲಿನಲ್ಲಿತ್ತು. ಈ ಸಂಪರ್ಕ ನಡೆಯುವ ಟಿಸಿಪಿ ಎಂಬ ನಿಯಮಾವಳಿಯಲ್ಲಿ ಹರಿಯುವುದು ಸಾಲಿನ ಗಡಿಯಿಲ್ಲದ ಬರೀ ಬೈಟುಗಳಾದ್ದರಿಂದ, ಆಚೆ ಒಮ್ಮೆಗೇ ಕಳಿಸಿದ "ಮಳೆ=42.5" ಎಂಬ ಸಾಲು ಈಚೆ "ಮಳೆ=4" ಎಂದೊಮ್ಮೆ, ಉಳಿದದ್ದು ಆಮೇಲೊಮ್ಮೆ ಬರಬಹುದು. ಅರ್ಧ ಸಾಲು ಬಂದಾಗಲೆಲ್ಲ ಆ ಫಂಕ್ಷನ್ ತಪ್ಪೆಂದು ಬಗೆದು ನಡುವೆಯೇ ರಿಟರ್ನ್ ಆಗಿ ಹೊರಬೀಳುತ್ತಿತ್ತು. ಕ್ಲೋಸ್ ಅದರ ಕೆಳಗೇ ಉಳಿಯುತ್ತಿತ್ತು. ಸಾಕೆಟ್ ತೆರೆಯುವವರು, ಎಡವಿದಾಗಲೂ ಅದನ್ನು ಮುಚ್ಚುವ ದಾರಿಯನ್ನು ಮೊದಲೇ ಬರೆದಿಡಬೇಕಲ್ಲವೇ?

ದಿನಾ ರಾತ್ರಿ ರೀಸ್ಟಾರ್ಟ್ ಮಾಡಿದರಾಯಿತು, ಪ್ರೋಗ್ರಾಂ ನಿಂತಾಗ ಆಪರೇಟಿಂಗ್ ಸಿಸ್ಟಮ್ಮೇ ಎಲ್ಲವನ್ನೂ ಮುಚ್ಚುತ್ತದೆ ಎನ್ನುವವರಿದ್ದಾರೆ. ಮುಚ್ಚುವುದೇನೋ ನಿಜ. ಆದರೆ ಮಲೆನಾಡಿನ ಜುಲೈ ಮಳೆಯಲ್ಲಿ ಸಂಪರ್ಕ ಮತ್ತೆ ಮತ್ತೆ ಕಡಿಯುವಾಗ ಆ 1024 ರಾತ್ರಿಯವರೆಗೆ ಉಳಿಯುತ್ತದೆಂದು ಯಾರು ಹೇಳಬಲ್ಲರು? ಮಿತಿಯನ್ನು 65,536ಕ್ಕೆ ಏರಿಸಿದರೂ ತೊಂದರೆ ಮುಂದಕ್ಕೆ ಹೋಗುತ್ತದೆಯೇ ಹೊರತು ತಪ್ಪು ಅಲ್ಲೇ ಇರುತ್ತದೆ. 1983ರಲ್ಲಿ ಯೂನಿಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಒಂದು ಆವೃತ್ತಿಯಾದ 4.2ಬಿಎಸ್‌ಡಿಯೊಂದಿಗೆ ಸಾಕೆಟ್ ಬಂದಾಗಿನಿಂದಲೂ ಮುಚ್ಚುವ ಹೊಣೆ ತೆರೆದವರದ್ದೇ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಹಾಸನದಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಇದೇ ತಪ್ಪು ಮಾಡಿ, ಮೂರು ದಿನ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ದೂರಿದ್ದೆ. ಅವರಲ್ಲಿ ಕ್ಷಮೆ ಕೇಳಿದ ದಿನ ಇಂದಿಗೂ ನೆನಪಿದೆ.

ರಾತ್ರಿಯೇ ಕೂತು, ಪೂರ್ತಿ ಸಾಲು ಸೇರುವವರೆಗೆ ಓದುವಂತೆ, ಎಲ್ಲಿಂದ ಹೊರಬಿದ್ದರೂ ಮುಚ್ಚಿಯೇ ಹೋಗುವಂತೆ ತಿದ್ದಿದೆ. ಬೆಳಿಗ್ಗೆ ನೋಡಿದಾಗ ಒಂದೂ ಕ್ಲೋಸ್-ವೇಟ್ ಇರಲಿಲ್ಲ. ಸರ್ವರ್ ನಿಂತಿದ್ದಾಗ ಸುರಿದ ಎರಡು ದಿನದ ಮಳೆ ಮಾತ್ರ ಆ ತೋಟದ ಲೆಕ್ಕದಲ್ಲಿ ಖಾಲಿಯೇ ಉಳಿಯಿತು.