ಎರಡನೇ ಬ್ಯಾಟರಿ ಯಾರದ್ದು?

ಗಾಡಿಯಲ್ಲಿ ಬ್ಯಾಟರಿ ಒಂದೇ ಇದ್ದರೆ ಅದು ಗಾಡಿಯದ್ದು. ಎರಡಾದವೋ, ಒಂದು ಗಾಡಿಯದ್ದು, ಇನ್ನೊಂದು ಓಣಿಯವರದ್ದು. ಇದನ್ನು ಯಾವ ಬ್ಯಾಟರಿ ಅಂಗಡಿಯವರೂ ಹೇಳುವುದಿಲ್ಲ. ಅವರು ಹೇಳೋದು ವಾರಂಟಿ ಬಗ್ಗೆ ಮಾತ್ರ.

ನನ್ನದು ಹಳೆಯ ಡೀಸೆಲ್ ಜೀಪು, ಫೋರ್ ಬೈ ಫೋರ್. ಬೆಳಗಾವಿಯಲ್ಲಿದ್ದು ಇಂಥ ಗಾಡಿ ಇಟ್ಟುಕೊಂಡವರಿಗೆ ಮಳೆಗಾಲದಲ್ಲಿ ಮನೆಯಲ್ಲಿ ಕೂರೋದು ಕಷ್ಟ. ಜಾಂಬೋಟಿ ದಾಟಿದರೆ ಮಲಪ್ರಭೆ ಹುಟ್ಟುವ ಕಣಕುಂಬಿ, ಅಲ್ಲಿಂದ ಮುಂದೆ ಚೋರ್ಲಾ ಘಾಟ್. ಈ ಕಡೆ ತಿರುಗಿದರೆ ಅಂಬೋಲಿ. ಹೋಗೋದೇನೋ ಸುಲಭ. ಬರೋದೇ ತೊಂದರೆ. ಯಾಕೆಂದರೆ ರಾತ್ರಿ ಅಲ್ಲೇ ಉಳಿದೆವು ಅಂದರೆ ನಮ್ಮ ಮಂದಿ ಜೀಪನ್ನು ಜೀಪು ಅಂತ ನೋಡೋದಿಲ್ಲ. ಒಬ್ಬನ ಮೊಬೈಲು, ಇನ್ನೊಬ್ಬನ ಸ್ಪೀಕರು, ಹಿಂದಿನ ಬಾಗಿಲ ಲೈಟು, ಜತೆಗೆ ಗೆಳೆಯನೊಬ್ಬ ಹೊತ್ತು ತಂದ 12 ವೋಲ್ಟಿನ ಸಣ್ಣ ಫ್ರಿಜ್ಜು. ಅದರ ಕಂಪ್ರೆಸರ್ ಓಡುವಾಗ ನಾಲ್ಕೈದು ಆಂಪಿಯರ್ ಎಳೆಯುತ್ತದೆ. ಬೆಳಗ್ಗೆ ಕೀಲಿ ತಿರುಗಿಸಿದರೆ ಸೆಲ್ಫು ಕಟ್ ಕಟ್ ಕಟ್. ಅಷ್ಟೇ.

ಹಾಗೆ ಒಮ್ಮೆ ಕೆಸರಲ್ಲಿ ದಬ್ಬೋಕೆ ಕರೆದಾಗ ಬಂದ ಊರ ಹಿರಿಯರೊಬ್ಬರು ಗಾಡಿ ಹಿಂದಿನ ಫೋರ್ ಬೈ ಫೋರ್ ಅನ್ನೋ ಬರಹ ನೋಡಿದರು. ನನ್ನ ಕಡೆಯೂ ನೋಡಿದರು. "ಅಂದ್ರ ಹಿಂದ ನಾಕು ಮಂದಿ ದಬ್ಬಬೇಕು, ಮುಂದ ನಾಕು ಮಂದಿ ಎಳೀಬೇಕು ಅಂತೇನ್ರಿ?" ಅಂದರು. ಅವತ್ತೇ ಎರಡನೇ ಬ್ಯಾಟರಿ ಹಾಕಿಸೋದು ಅಂತ ತೀರ್ಮಾನವಾಯಿತು.

ನಿಜ ಹೇಳಬೇಕೆಂದರೆ ತಪ್ಪು ಬ್ಯಾಟರಿಯದ್ದಲ್ಲ. ಗಾಡಿಯ ಮಾಮೂಲಿ ಬ್ಯಾಟರಿ ಕುಸ್ತಿ ಪೈಲ್ವಾನ ಇದ್ದ ಹಾಗೆ. ಒಂದು ಗಳಿಗೆಯಲ್ಲಿ ಎದುರಾಳಿಯನ್ನು ಎತ್ತಿ ಒಗೆಯುತ್ತಾನೆ. ರಾತ್ರಿಯಿಡೀ ಕಬ್ಬಿಗೆ ನೀರು ಹಾಯಿಸು ಅಂದರೆ ಮಲಗಿಬಿಡುತ್ತಾನೆ. ಡೀಸೆಲ್ ಎಂಜಿನ್ ಎಬ್ಬಿಸೋಕೆ ಕೆಲವೇ ಸೆಕೆಂಡು ನೂರಾರು ಆಂಪಿಯರ್ ಬೇಕು. ಅದಕ್ಕಾಗಿ ಒಳಗೆ ತೆಳು ಪ್ಲೇಟುಗಳನ್ನು ಜಾಸ್ತಿ ಜೋಡಿಸಿರುತ್ತಾರೆ. ಫ್ರಿಜ್ಜು, ಲೈಟು ಅಂತ ನಿಧಾನವಾಗಿ ಪೂರ್ತಿ ಹೀರಿದರೆ ಆ ಪ್ಲೇಟುಗಳು ಬೇಗ ಹಾಳಾಗುತ್ತವೆ. ಆ ಕೆಲಸಕ್ಕೆ ದಪ್ಪ ಪ್ಲೇಟಿನ ಬೇರೆ ಜಾತಿಯ ಬ್ಯಾಟರಿಯೇ ಇದೆ, ಡೀಪ್ ಸೈಕಲ್ ಅನ್ನುತ್ತಾರೆ. ಅದನ್ನೂ ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಒಳ್ಳೆಯದು.

ಮನೆಯಲ್ಲಿ ವಿಷಯ ಎತ್ತಿದೆ. ಕಾಕಾ ನಕ್ಕರು. ಅವರು ಲೈನ್‌ಮನ್ ಆಗಿ ರಿಟೈರ್ ಆದವರು. 11,000 ವೋಲ್ಟಿನ ಕಂಬ ಹತ್ತಿ ಇಳಿದವರಿಗೆ 12 ವೋಲ್ಟ್ ಅಂದರೆ ಲೆಕ್ಕಕ್ಕೇ ಇಲ್ಲ. "ಅದಕ್ಕ ಕರೆಂಟ್ ಅಂತಾರೇನಪಾ? ಮನ್ಯಾಗಿನ ಹಳೀ ಇನ್ವರ್ಟರ್ ಬ್ಯಾಟರಿ ಐತಲ್ಲ, ಅದನ್ನ ಹಿಂದಿನ ಸೀಟಿನ ಹಿಂದ ಇಡು, ಮುಗೀತು" ಅಂದರು. ಆ ಬ್ಯಾಟರಿ 50 ಕೆಜಿಗೂ ಮೇಲಿದೆ. ಮೇಲೆ ನೀರು ಹಾಕುವ ಮುಚ್ಚಳಗಳು. ಚೋರ್ಲಾದ ತಿರುವಿನಲ್ಲಿ ಅದು ವಾಲಿದರೆ ಆ್ಯಸಿಡ್ಡು ಯಾರ ಪ್ಯಾಂಟಿಗೆ ಅನ್ನೋದೊಂದೇ ಪ್ರಶ್ನೆ. ಅಲ್ಲದೆ ಚಾರ್ಜ್ ಆಗುವಾಗ ಇಂಥ ಬ್ಯಾಟರಿಯಿಂದ ಹೈಡ್ರೋಜನ್ ಹೊರಗೆ ಬರುತ್ತದೆ. ಕಿಟಕಿ ಮುಚ್ಚಿದ ಗಾಡಿಯೊಳಗೆ ಅದು ಬೇಡ, ಅದರಲ್ಲೂ ಕಾಕಾ ಬೀಡಿ ಸೇದುವವರು. ವಾಲಿದರೂ ಆ್ಯಸಿಡ್ಡು ಚೆಲ್ಲದ, ಸೀಲ್ ಮಾಡಿದ ಎಜಿಎಂ ಅನ್ನೋ ಜಾತಿಯ ಬ್ಯಾಟರಿಯೇ ಬೇಕು ಅಂತ ನಾನು ಹಟ ಹಿಡಿದೆ. ಬೆಲೆ ಕೇಳಿ ಹೆಂಡತಿ ಏನೂ ಅನ್ನಲಿಲ್ಲ. ಅದು ಅನ್ನುವುದಕ್ಕಿಂತ ಜಾಸ್ತಿ.

ಬಾನೆಟ್ ಕೆಳಗೆ ಜಾಗ ಇರಲಿಲ್ಲ. ಹಿಂದೆಯೇ ಇಡಬೇಕು. ಅವ್ವನ ತಕರಾರು ಶುರುವಾಗಿದ್ದು ಅಲ್ಲಿಂದ. "ಆ ಜಾಗಾ ಜ್ವಾಳದ್ದು ತಮ್ಮಾ" ಅಂದಳು. ಊರಿಂದ ವರ್ಷದ ಜೋಳದ ಚೀಲ, ಶೇಂಗಾ, ಬೆಲ್ಲ ಎಲ್ಲ ಬರೋದು ಆ ಜಾಗದಲ್ಲೇ. ಬ್ಯಾಟರಿ ಮೇಲೆ ಚೀಲ ಇಡಬಹುದಾ ಅಂತ ಕೇಳಿದಳು. ಇಡಬಾರದು ಅಂದೆ. ಚೀಲದ ಮೇಲೆ ಬ್ಯಾಟರಿ? ಅದೂ ಬಾರದು ಅಂದೆ. "ಹಂಗಾದ್ರ ಅದು ಯಾವ ಕೆಲಸಕ್ಕ?" ಅಂದಳು. ಕೊನೆಗೆ ಒಂದು ಮೂಲೆಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಉಳಿದದ್ದು ಜೋಳಕ್ಕೆ ಅಂತ ರಾಜಿಯಾಯಿತು.

ಬೆಳಗಾವಿಯಲ್ಲಿ ಸ್ಟ್ಯಾಂಡ್ ಮಾಡಿಸೋಕೆ ಹೋಗೋದು ಒಂದು ಅನುಭವ. ಇದು ಫೌಂಡ್ರಿ ಊರು, ಹೈಡ್ರಾಲಿಕ್ಸ್ ಊರು. ಉದ್ಯಮಬಾಗದಲ್ಲಿ ಸಣ್ಣ ವಸ್ತು ಮಾಡಿ ಕೊಡಿ ಅಂದರೆ ಅವರಿಗೆ ಕೈ ಬರೋದಿಲ್ಲ. ಬ್ಯಾಟರಿ 30 ಕೆಜಿ ಹತ್ತಿರ. ಅವರು ಕೊಟ್ಟ ಸ್ಟ್ಯಾಂಡೂ ಅದಕ್ಕೆ ಹೆಚ್ಚು ಕಡಿಮೆ ಸಮ. "ಗಾಡಿ ಪಲ್ಟಿ ಹೊಡದ್ರೂ ಬ್ಯಾಟರಿ ಹಂದಂಗಿಲ್ರಿ" ಅಂತ ಭರವಸೆ ಕೊಟ್ಟರು. ಗಾಡಿಯಲ್ಲಿ ಕೂತವರ ಬಗ್ಗೆ ಅವರು ಏನೂ ಹೇಳಲಿಲ್ಲ.

ವೈರಿಂಗಿಗೆ ಬಂದ ಮಿಸ್ತ್ರಿ ಕಾಕಾನಿಗೆ ಪರಿಚಯದವರು. ಕೈಯಲ್ಲಿ ಮನೆ ವೈರಿಂಗಿನ ತೆಳು ವೈರಿನ ಸುರುಳಿ. "ಇದರಾಗ ಒಂದು ಎಚ್‌ಪಿ ಪಂಪ್ ನಡೀತೈತ್ರಿ, ನಿಮ್ಮ ಫ್ರಿಜ್ ನಡಿಯೂದಿಲ್ಲೇನು?" ಅಂದರು. ಕೇಳೋಕೆ ಸರಿ ಅನ್ನಿಸುತ್ತದೆ, ಅಲ್ವಾ? ಮೋಸ ಇರೋದು ಅಲ್ಲೇ. ಒಂದು ಎಚ್‌ಪಿ ಅಂದರೆ 746 ವ್ಯಾಟ್. 230 ವೋಲ್ಟಿನಲ್ಲಿ ಅದಕ್ಕೆ ಐದಾರು ಆಂಪಿಯರ್ ಸಾಕು. ಅದೇ ಶಕ್ತಿಯನ್ನು 12 ವೋಲ್ಟಿನಲ್ಲಿ ತರಬೇಕೆಂದರೆ 60 ಆಂಪಿಯರ್ ದಾಟುತ್ತದೆ. ವೋಲ್ಟ್ ಕಡಿಮೆ ಆದಷ್ಟೂ ವೈರು ದಪ್ಪ ಬೇಕು. ಅದೂ ಬಾನೆಟ್ಟಿನಿಂದ ಹಿಂದಿನ ಬಾಗಿಲವರೆಗೆ ತೆಳು ವೈರು ಎಳೆದರೆ ವೋಲ್ಟು ದಾರಿಯಲ್ಲೇ ಸೋರಿ, ವೈರು ಬಿಸಿಯಾಗಿ, ಬ್ಯಾಟರಿ ಯಾವತ್ತೂ ತುಂಬೋದಿಲ್ಲ. ಇದನ್ನು ನಾನು ಹೇಳಿದಾಗ ಯಾರೂ ಕೇಳಲಿಲ್ಲ. ಕಾಕಾ ಹೇಳಿದಾಗ ಮಿಸ್ತ್ರಿ "ಹೌದ್ರಿ ಸಾಹೇಬ್ರ" ಅಂದರು. 25 ಸ್ಕ್ವೇರ್ ಎಂಎಂ ಕೇಬಲ್ ಬಂತು.

ಫ್ಯೂಸ್ ಬಗ್ಗೆ ಮತ್ತೊಂದು ಸುತ್ತು. ಒಂದು ಸಾಕು ಅಂತ ಮಿಸ್ತ್ರಿ. ಆದರೆ ಈ ಕೇಬಲ್ಲಿನ ಎರಡೂ ತುದಿಗೆ ಬ್ಯಾಟರಿ ಇದೆ. ನಡುವೆ ಎಲ್ಲಾದರೂ ಕೇಬಲ್ ಉಜ್ಜಿ ಗಾಡಿಯ ಕಬ್ಬಿಣದ ಮೈಗೆ ತಾಗಿದರೆ ಎರಡೂ ಕಡೆಯಿಂದ ಕರೆಂಟು ನುಗ್ಗುತ್ತದೆ. ಆದ್ದರಿಂದ ಎರಡೂ ತುದಿಯಲ್ಲಿ, ಬ್ಯಾಟರಿಯ ಪಕ್ಕದಲ್ಲೇ ಒಂದೊಂದು ಫ್ಯೂಸ್ ಬೇಕು. ಇದಕ್ಕೆ ಕಾಕಾ ಕೂಡ ಒಪ್ಪಲಿಲ್ಲ. "12 ವೋಲ್ಟಿಗೆ ಇಷ್ಟು ಅಂಜತಾನ ನೋಡ್ರಿ ನಮ್ಮ ಹುಡುಗ" ಅಂತ ಮಿಸ್ತ್ರಿ ಮುಂದೆ ನನ್ನ ಮಾನ ಕಳೆದರು.

ಇದೇ ಮಾತು ನಡೆಯುತ್ತಿದ್ದಾಗ ಮಿಸ್ತ್ರಿ ಹಳೆಯ ಬ್ಯಾಟರಿಯ ಪ್ಲಸ್ ಕಡೆ ಪಾನಾ ಹಾಕಿದರು. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಇದು ಬ್ಯಾಟರಿ ಕೆಲಸದ ಮೊದಲ ಪಾಠ. ಯಾಕೆಂದರೆ ಗಾಡಿಯ ಇಡೀ ಬಾಡಿ ಮೈನಸ್ಸಿಗೆ ಸೇರಿದೆ. ಮಾತಿನ ಭರದಲ್ಲಿ ಪಾನಾದ ಇನ್ನೊಂದು ತುದಿ ಬಾನೆಟ್ಟಿನ ಅಂಚಿಗೆ ತಾಗಿತು. ಪಟಾರ್ ಅಂತ ಬೆಳಕು. ಪಾನಾ ಹಾರಿ ಅಂಗಳಕ್ಕೆ ಬಿತ್ತು, ಮಿಸ್ತ್ರಿ ಮೂರು ಹೆಜ್ಜೆ ಹಿಂದೆ, ಕಾಕಾ ತುಳಸಿಕಟ್ಟೆಯ ಆಚೆ. 12 ವೋಲ್ಟು ಒಣ ಕೈಗೆ ಶಾಕ್ ಕೊಡದೇ ಇರಬಹುದು, ಕಬ್ಬಿಣ ಸಿಕ್ಕರೆ ವೆಲ್ಡಿಂಗ್ ಮಾಡುತ್ತದೆ. ಯಾರಿಗೂ ಏನೂ ಆಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತುಳಸಿಕಟ್ಟೆಯ ಆಚೆಯಿಂದ ಕಾಕಾನ ಧ್ವನಿ ಬಂತು: "ಎರಡೂ ಕಡೆ ಫ್ಯೂಸ್ ಹಾಕ್ರಿ."

ಎರಡು ಬ್ಯಾಟರಿಗಳ ನಡುವೆ ಒಂದು ರಿಲೇ ಕೂರಿಸಿದರು. ವೋಲ್ಟೇಜ್ ನೋಡಿ ತಾನೇ ಕೆಲಸ ಮಾಡುವಂಥ ಸ್ವಿಚ್ಚು ಅದು. ಎಂಜಿನ್ ಓಡಿ ಆಲ್ಟರ್ನೇಟರ್ ಚಾರ್ಜ್ ಮಾಡೋಕೆ ಶುರು ಮಾಡಿದಾಗ, ವೋಲ್ಟು 13.3ರ ಆಸುಪಾಸಿಗೆ ಏರಿದರೆ ಎರಡನ್ನೂ ಜೋಡಿಸುತ್ತದೆ. ಎಂಜಿನ್ ನಿಂತು 12.8ರ ಹತ್ತಿರ ಇಳಿದರೆ ಬೇರೆ ಮಾಡುತ್ತದೆ. ಆಮೇಲೆ ಹಿಂದಿನ ಬ್ಯಾಟರಿ ಪೂರ್ತಿ ಖಾಲಿಯಾದರೂ ಮುಂದಿನದ್ದಕ್ಕೆ ಕೈ ಹಾಕೋಕೆ ಆಗೋದಿಲ್ಲ. ಹೊಸ ಗಾಡಿಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರ್ ನಿಭಾಯಿಸುತ್ತದೆ. ವೋಲ್ಟೇಜು ಅದರ ಇಷ್ಟದಂತೆ ಏರಿಳಿಯುತ್ತದೆ. ಅಲ್ಲಿ ಈ ರಿಲೇ ಬದಲು ಎರಡನೇ ಬ್ಯಾಟರಿಗೆ ಬೇಕಾದಷ್ಟು ವೋಲ್ಟು ಮಾಡಿ ಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕುತ್ತಾರೆ. ನನ್ನ ಹಳೇ ಜೀಪಿಗೆ ಅಂಥ ಬುದ್ಧಿ ಇಲ್ಲ, ಅದೇ ಪುಣ್ಯ.

ತೊಂದರೆ ಏನೆಂದರೆ ಈ ರಿಲೇ ಗಾಡಿ ಆಫ್ ಮಾಡಿದ ಕೂಡಲೇ ಬೇರೆ ಮಾಡೋದಿಲ್ಲ. ವೋಲ್ಟು ನಿಧಾನವಾಗಿ ಇಳಿಯಬೇಕು. ನಾವು ಗಾಡಿ ನಿಲ್ಲಿಸಿ, ಬಾಗಿಲು ಹಾಕಿ, ಒಳಗೆ ಹೋಗಿ ಕಾಲು ತೊಳೆಯುವ ಹೊತ್ತಿಗೆ ಖಾಲಿ ಜೀಪಿನೊಳಗೆ "ಟಕ್" ಅನ್ನುತ್ತದೆ. ಪಕ್ಕದ ಮನೆ ಅಜ್ಜ ರಾತ್ರಿ ಕಟ್ಟೆ ಮೇಲೆ ಕೂರುವವರು. ಅವರು ಈ ಸಪ್ಪಳ ಕೇಳಿ, ಕೋಲು ಹಿಡಿದು, ಜೀಪಿನ ಸುತ್ತ ಪ್ರದಕ್ಷಿಣೆ ಹಾಕಿ, "ಯಾವನಲೇ ಒಳಗ? ಹೊರಗ ಬಾ" ಅಂತ ಕೂಗಿದರು. ನಾನು ಹೋಗಿ ರಿಲೇ ವಿಷಯ ವಿವರಿಸಿದೆ. ಪೂರ್ತಿ ಕೇಳಿ, "ಅದೆಲ್ಲ ಖರೆ, ಒಳಗ ಯಾರದಾರ?" ಅಂದರು.

ಇಷ್ಟಾದ ಮೇಲೆ ನಾನು ಚೋರ್ಲಾಕ್ಕೆ ಹೋಗಬೇಕಿತ್ತು. ಹೋಗೋದರೊಳಗೆ ಮಳೆ ಜೋರಾಯಿತು, ಕರೆಂಟು ಹೋಯಿತು. ಮನೆಯ ಇನ್ವರ್ಟರು ಸಂಜೆಗೇ ಸುಸ್ತಾಯಿತು. ಕಾಕಾ ಎದ್ದು ಹೋಗಿ ಜೀಪಿನ ಹಿಂದಿನ ಬ್ಯಾಟರಿಯಿಂದ ಕಿಟಕಿಯೊಳಗೆ ವೈರು ತಂದು ಇನ್ವರ್ಟರಿಗೆ ಜೋಡಿಸಿದರು. ಲೈನ್‌ಮನ್ ಕೈ, ಎರಡು ನಿಮಿಷದ ಕೆಲಸ. ಮೊದಲು ಲೈಟು. ಆಮೇಲೆ ಅವ್ವನ ಮಿಕ್ಸರು. 750 ವ್ಯಾಟಿನ ಮಿಕ್ಸರು ನೋಡಿ ನನ್ನ ಎದೆ ಧಸಕ್ಕೆಂದಿತು. 70 ಆಂಪಿಯರ್ ಹತ್ತಿರ ಎಳೆಯುತ್ತದೆ ಅಂದೆ. ಕಾಕಾ ಲೆಕ್ಕ ಹಾಕಿ, ಎರಡು ನಿಮಿಷಕ್ಕೆ ಎರಡೂವರೆ ಆಂಪಿಯರ್-ಅವರ್, ಅಂದರೆ ಎರಡೂವರೆ ಆಂಪಿಯರ್ ಒಂದು ಗಂಟೆ ಎಳೆದಷ್ಟು ಕೂಡ ಆಗೋದಿಲ್ಲ, ಶೇಂಗಾ ಚಟ್ನಿಗೆ ಅಷ್ಟು ಕೊಡೋಕೆ ಆಗಲ್ವಾ ಅಂತ ಕೇಳಿದರು. ಲೆಕ್ಕ ಸರಿಯಾಗೇ ಇತ್ತು. ಬ್ಯಾಟರಿ ತಿಂದಿದ್ದು ಮಿಕ್ಸರಲ್ಲ, ಆಮೇಲೆ ಕಾಕಾ ಹಚ್ಚಿದ ಟಿವಿ.

ಕರೆಂಟು ಹೋದ ಓಣಿಯಲ್ಲಿ ಒಂದೇ ಮನೆಯಲ್ಲಿ ಟಿವಿ ನಡೆದರೆ ಗುಟ್ಟು ಉಳಿಯುವುದುಂಟೇ? ಮೊಬೈಲು ಚಾರ್ಜಿಗೆ ಬಂದವರಿಗೆ ಅವ್ವ ಚಹಾ ಕೊಟ್ಟಳು. ಗಣೇಶ ಹಬ್ಬ ಹತ್ತಿರ ಬಂದಾಗ ಮಂಡಳದ ಹುಡುಗರು ಬಂದರು. ಮಂಟಪದ ಲೈಟಿಂಗಿಗೆ ಒಂದು ರಾತ್ರಿ ಬ್ಯಾಟರಿ ಬೇಕಂತೆ. ಆಗೋದಿಲ್ಲ ಅಂದೆ. ಒಬ್ಬ ಮುಂದೆ ಬಂದು, "ಅಣ್ಣಾ, 1905ರಾಗ ತಿಲಕರು ಬಂದು ಝೆಂಡಾ ಚೌಕದಾಗ ಹಬ್ಬ ಚಾಲೂ ಮಾಡಿದ ಊರಿದು. ನೀವು ಒಂದು ಬ್ಯಾಟರಿಗೆ ಹಿಂಗ ಅಂದ್ರ ಹೆಂಗ?" ಅಂದ. ತಿಲಕರ ಹೆಸರು ಬಂದ ಮೇಲೆ ಬೆಳಗಾವಿಯಲ್ಲಿ ಇಲ್ಲ ಅನ್ನೋದು ಹೇಗೆ? ಮರುದಿನ ಬೆಳಗ್ಗೆ ಹಿಂದಿನ ಬ್ಯಾಟರಿ ಪೂರ್ತಿ ಒಣಗಿತ್ತು. ಜೀಪು ಮಾತ್ರ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಮಿಸ್ತ್ರಿ ಕೆಲಸ ಅಪ್ಪಟ, ಅದನ್ನು ಒಪ್ಪಬೇಕು.

ಈಗ ತುಂಬಿಸೋದು ಹೇಗೆ? ಊರೊಳಗೇ ಕ್ಯಾಂಪಿನಿಂದ ಟಿಳಕವಾಡಿಗೆ ಹೋಗಿ ಬಂದರೆ ಏನೂ ಆಗದು. ಮೊದಲು ಚಾರ್ಜು ಜೋರಾಗಿ ಹೋಗುತ್ತದೆ. ತುಂಬುತ್ತಾ ಬಂದಂತೆ ಬ್ಯಾಟರಿ ನಿಧಾನವಾಗಿ ಕುಡಿಯುತ್ತದೆ. ಎಂಜಿನ್ ಗಂಟೆಗಟ್ಟಲೆ ಓಡಬೇಕು. ಇದನ್ನು ನಾನು ಊಟದ ಹೊತ್ತಿಗೆ ಸುಮ್ನೆ ಹೇಳಿದೆ. ಗೋಡೆಗೆ ಹೇಳಿದ್ದರೆ ಚೆನ್ನಾಗಿತ್ತು. ಕಾಕಾನಿಗೆ ತಕ್ಷಣ ಗೋಕಾಕದ ಕರದಂಟು ನೆನಪಾಯಿತು. ಹೆಂಡತಿಗೆ ಧಾರವಾಡದ ಅಕ್ಕ. ಹೋಗಿ ಬಂದೆವು. ವೋಲ್ಟು ಏರಿತು. ಮತ್ತೆ ಮಳೆ ಬಂತು, ಟಿವಿ ನಡೆಯಿತು, ವೋಲ್ಟು ಇಳಿಯಿತು.

ಜೀಪಿನ ಹಿಂದೆ ಮಿಸ್ತ್ರಿ ಒಂದು ಸಣ್ಣ ವೋಲ್ಟ್ ಮೀಟರ್ ಕೂರಿಸಿದ್ದಾರೆ. ಬ್ಯಾಟರಿ ತುಂಬಿ ಸುಮ್ಮನೆ ಕೂತಿದ್ದರೆ 12.7ರ ಹತ್ತಿರ, ಅರ್ಧ ಇದ್ದರೆ 12.2ರ ಹತ್ತಿರ ತೋರಿಸುತ್ತದೆ. ಅದನ್ನು ನೋಡೋದು ಅವ್ವನಿಗೆ ಯಾರು ಕಲಿಸಿದರೋ ಗೊತ್ತಿಲ್ಲ, ಕಾಕಾನ ಮೇಲೆ ನನಗೆ ಅನುಮಾನ. ನಿನ್ನೆ ಜೋಳದ ಚೀಲ ಸರಿಸಿ, ಕನ್ನಡಕ ಏರಿಸಿ, ಮೀಟರಿಗೆ ಮುಖ ಹತ್ತಿರ ತಂದು ನೋಡಿದಳು.

"ತಮ್ಮಾ, ಹನ್ನೆರಡು ಪಾಯಿಂಟ್ ಎರಡು ಐತಿ. ಇದು ಗೋಕಾಕಕ್ಕ ತುಂಬೂದಿಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗಬೇಕಾಗತೈತಿ. ನಿಮ್ಮ ಚಿಗವ್ವಗೂ ಹೇಳೀನಿ."