ಗಡೀಪಾರಲ್ಲ, ಅವರೇ ಮರಳಿ ಬಂದಿದ್ದಾರೆ

ನಮ್ಮ ಗದಗಿನ ನಾಟಕ ಕಂಪನಿಯ ಹಿರಿಯ ನಟರನ್ನು ದುಬೈ ಪೊಲೀಸರು ಗಡೀಪಾರು ಮಾಡಿದರು ಎಂಬ ಸಂದೇಶ ಎರಡು ದಿನಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಶುದ್ಧ ಸುಳ್ಳು.

ಜಾತ್ರೆಯ ಸುಗ್ಗಿ ಮುಗಿದರೆ ಕಂಪನಿ ಕಲಾವಿದರ ಒಲೆ ಉರಿಯುವುದು ಕಷ್ಟ. ಅದಕ್ಕೇ ಅವರು ಗೋದಾಮಿನ ಕೆಲಸ ನಂಬಿ ಹೋದರು. ಏಜೆಂಟ್ ಕೈಗಿಟ್ಟದ್ದು ಪ್ರವಾಸಿ ವೀಸಾ. ಅದರ ಮೇಲೆ ಅಲ್ಲಿ ದುಡಿಯುವಂತಿಲ್ಲ. ಅವರು ಓದಿದ್ದು ಏಳನೆಯ ತರಗತಿ. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವಾಗ 1983ರ ವಲಸೆ ಕಾಯ್ದೆಯಂತೆ ಸಾಮಾನ್ಯವಾಗಿ ಸರ್ಕಾರದ ಅನುಮತಿ ಬೇಕು. ಪ್ರವಾಸಿ ವೀಸಾದ ದಾರಿ ಹಿಡಿಸಿ ಏಜೆಂಟ್ ಅದನ್ನೇ ತಪ್ಪಿಸಿದ್ದ. ಮೋಸ ಹೋದವರನ್ನೇ ಅಪರಾಧಿ ಎನ್ನುವುದು ಯಾವ ನ್ಯಾಯ?

ವಿಷಯ ತಿಳಿದ ಕೂಡಲೇ, ವೀಸಾ ಅವಧಿ ಮುಗಿಯುವ ಮೊದಲೇ ಅವರು ಹೊರಟು ಬಂದರು. ಪಾಸ್‌ಪೋರ್ಟಿನ ಮುದ್ರೆಯನ್ನು ನಾನೇ ನೋಡಿದ್ದೇನೆ. ಟಿಕೆಟ್ಟಿಗೆ ಹೆಂಡತಿಯ ಬೆಂಡೋಲೆ ಅಡವಿಟ್ಟಿದ್ದಾರೆ.

ಅವರು ಬಣ್ಣ ಹಚ್ಚುವುದನ್ನೇ ಬಿಟ್ಟರು ಎಂಬ ಮಾತೂ ಸುಳ್ಳು. ನಿನ್ನೆ ತಾಲೀಮಿಗೆ ಬಂದಿದ್ದರು. ತುಕ್ಕು ಹಿಡಿದ ತಗಡಿನ ಬಣ್ಣದ ಪೆಟ್ಟಿಗೆ ತೆರೆದು, ಒಣಗಿದ ಕಾಡಿಗೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಬೆರಳಿನಿಂದ ತಿಕ್ಕುತ್ತಾ ಮಾತು ಒಪ್ಪಿಸಿದರು. ಒಂದು ಅಕ್ಷರವೂ ತಪ್ಪಲಿಲ್ಲ.

ಆ ಸಂದೇಶ ಕಳಿಸಿದವರು ದಯವಿಟ್ಟು ಅಳಿಸಿ, ಅದೇ ಗುಂಪಿನಲ್ಲಿ ಇದನ್ನು ಹಾಕಿ. ಅವರ ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳ ಮೊಬೈಲಿಗೂ ಅದು ಬಂದಿದೆ.